ಯುಎಸ್‌ಬಿ ಲ್ಯಾನ್ ಡಾಂಗಲ್ ಡ್ರೈವರ್‌ನಲ್ಲಿ ಬೇರೆ ಚಿಪ್‌ನ 150 ಸಾಲು ಉಳಿದುಕೊಂಡಿದೆ, ಕಿತ್ತು ಹಾಕಲಾ?

ಮಂಡಕ್ಕಿ ಮಂಜ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ವಿದ್ಯಾನಗರದಲ್ಲಿ ನನ್ನದೊಂದು ಲ್ಯಾಪ್‌ಟಾಪ್ ರಿಪೇರಿ ಅಂಗಡಿ ಇದೆ. ಹಗಲೆಲ್ಲ ಹಿಂಜು, ಕೀಬೋರ್ಡು, ಚಾರ್ಜಿಂಗ್ ಪಿನ್ನು. ರಾತ್ರಿ ಶಟರ್ ಅರ್ಧ ಇಳಿಸಿ ಲಿನಕ್ಸ್ ಕರ್ನಲ್ (ಆಪರೇಟಿಂಗ್ ಸಿಸ್ಟಮ್‌ನ ತಿರುಳು) ಕೋಡ್ ಓದುತ್ತೇನೆ. ಸಿ ಚೆನ್ನಾಗಿ ಬರುತ್ತದೆ, ಕರ್ನಲ್‌ಗೆ ಮಾತ್ರ ಹೊಸಬ. ಇದುವರೆಗೆ ಒಂದು ಪ್ಯಾಚೂ (ಕೋಡ್ ತಿದ್ದುಪಡಿ) ಕಳಿಸಿಲ್ಲ.

ವಿಷಯಕ್ಕೆ ಬರುತ್ತೇನೆ. ಮಂಡಿಪೇಟೆಯಲ್ಲಿ ಲೆಕ್ಕ ಬರೆಯುವ ಒಬ್ಬರು ನಮ್ಮ ಗಿರಾಕಿ. ಹೋದ ಮಳೆಗಾಲದಲ್ಲಿ ಸಿಡಿಲಿಗೆ ಅವರ ಲ್ಯಾಪ್‌ಟಾಪ್‌ನ ಲ್ಯಾನ್ ಪೋರ್ಟ್ ಸುಟ್ಟಿತ್ತು. ಬೋರ್ಡ್ ರಿಪೇರಿಗೆ ಹಾಕುವ ದುಡ್ಡು ಆ ಲ್ಯಾಪ್‌ಟಾಪ್ ಬೆಲೆಗಿಂತ ಜಾಸ್ತಿ ಆಗುತ್ತಿತ್ತು. ಅದಕ್ಕೆ 250 ರೂಪಾಯಿಯ ಒಂದು ಯುಎಸ್‌ಬಿ ಲ್ಯಾನ್ ಡಾಂಗಲ್ ಕೊಟ್ಟು ಕಳಿಸಿದೆ. ಕೆಲಸ ಮಾಡಿತು. ವಾರ ಬಿಟ್ಟು ಬಂದು ಹೊಸ ತಕರಾರು ತೆಗೆದರು: ಅಂಗಡಿಯಲ್ಲಿ ಕೇಬಲ್ ಕಿತ್ತು ಲ್ಯಾಪ್‌ಟಾಪ್ ಮನೆಗೆ ಒಯ್ದರೆ ವೈಫೈ ಕನೆಕ್ಟ್ ಆಗಿದ್ದರೂ ನೆಟ್ ಬರುವುದಿಲ್ಲವಂತೆ, ಡಾಂಗಲ್ ಕಿತ್ತ ಕೂಡಲೇ ಬರುತ್ತದಂತೆ. "ಇದೇನ್ರೀ ಇದು, ದೆವ್ವ ಹೊಕ್ಕಂಗೈತಲ್ಲ" ಅಂದರು. ನಾನೂ ಮಾಡಿ ನೋಡಿದೆ, ಅವರು ಹೇಳಿದ್ದು ನಿಜ. ಕೇಬಲ್ ಟೇಬಲ್ ಮೇಲೆ ಬಿದ್ದಿದೆ, ಮೂಲೆಯಲ್ಲಿರುವ ನೆಟ್‌ವರ್ಕ್ ಐಕಾನ್ ಮಾತ್ರ ವೈರ್ ಕನೆಕ್ಟ್ ಆಗಿದೆ ಅನ್ನುತ್ತದೆ.

ಡ್ರೈವರ್ ತೆರೆದೆ. ಕರ್ನಲ್ ಜೊತೆಗೇ ಬರುವ ಡ್ರೈವರ್ ಅದು. ಪ್ಯಾಚ್ ಕಳಿಸುವವರೆಗೆ ಹೆಸರು ಹಾಕುವುದು ಬೇಡ ಅಂದುಕೊಂಡಿದ್ದೇನೆ. 500 ಚಿಲ್ಲರೆ ಸಾಲು. ಬೇರೆ ಯಾವುದೋ ಚಿಪ್‌ನ ಡ್ರೈವರನ್ನು ಕಾಪಿ ಹೊಡೆದು ಬರೆದದ್ದು ಅಂತ ಮೊದಲ ಪುಟದಲ್ಲೇ ಗೊತ್ತಾಗುತ್ತದೆ, ಒಂದು ಕಾಮೆಂಟ್‌ನಲ್ಲಿ ಹಳೇ ಚಿಪ್‌ನ ಹೆಸರು ಹಾಗೇ ಉಳಿದಿದೆ. ಅದರಲ್ಲಿ ಸುಮಾರು 150 ಸಾಲು ಬರೀ ಎಂಐಐ, ಅಂದರೆ ತಂತಿಗೆ ಸಿಗ್ನಲ್ ಹಾಕುವ ಫೈ ಅನ್ನುವ ಭಾಗದ ಜೊತೆ ಮಾತಾಡುವ ಕೋಡ್. ಎಂಡಿಐಒ ರೀಡ್, ಎಂಡಿಐಒ ರೈಟ್ (ಫೈಯ ರಿಜಿಸ್ಟರ್ ಓದುವುದು, ಬರೆಯುವುದು), ಫೈ ರೀಸೆಟ್ ಮಾಡುವುದು, ಆಟೋ ನೆಗೋಷಿಯೇಷನ್ (ಎರಡೂ ಕಡೆಯವರ ಸ್ಪೀಡ್ ಒಪ್ಪಂದ) ಮತ್ತೆ ಶುರು ಮಾಡುವುದು, ಲ್ಯಾನ್ ಸ್ಥಿತಿ ತೋರಿಸುವ ಎತ್‌ಟೂಲ್ ಕಮಾಂಡ್‌ಗೆ ಸ್ಪೀಡ್ ಹೇಳುವುದು, ಪ್ರೋಗ್ರಾಮ್‌ಗಳ ಐಆಕ್ಟಲ್ ಕರೆಗಳಿಗೆ ಉತ್ತರಿಸುವುದು. ಡಾಂಗಲ್ ಬಿಚ್ಚಿ ನೋಡಿದೆ. ಒಳಗೆ ಒಂದೇ ಚಿಪ್, ಒಂದು ಕ್ರಿಸ್ಟಲ್, ಕಪ್ಪು ಟ್ರಾನ್ಸ್‌ಫಾರ್ಮರ್, ಲ್ಯಾನ್ ಸಾಕೆಟ್. ಫೈ ಚಿಪ್ಪೇ ಇಲ್ಲ! ಇಲ್ಲದ ಚಿಪ್‌ಗೆ 150 ಸಾಲು ಯಾಕೆ ಅಂತ ಎಲ್ಲವನ್ನೂ ಕಿತ್ತೆ. ಕಂಪೈಲ್ ಆಯಿತು, ವಾರ್ನಿಂಗ್ ಒಂದೂ ಇಲ್ಲ, ಪಿಂಗ್ ಹೋಗುತ್ತದೆ.

ಆದರೆ ಗಿರಾಕಿಯ ತಕರಾರು ಹಾಗೇ ಇದೆ. ಅಷ್ಟೇ ಅಲ್ಲ, ಮೊದಲು ಕೇಬಲ್ ಕಿತ್ತಾಗ ಎತ್‌ಟೂಲ್ ಆದರೂ ಲಿಂಕ್ ಇಲ್ಲ ಅಂತ ಸರಿಯಾಗಿ ಹೇಳುತ್ತಿತ್ತು, ಈಗ ಅದೂ ಲಿಂಕ್ ಇದೆ ಅನ್ನಲು ಶುರು ಮಾಡಿದೆ. ಸತ್ತ ಕೋಡ್ ತೆಗೆದರೆ ಬದುಕಿರುವುದು ಹೇಗೆ ಕೆಡುತ್ತದೆ? ಇನ್ನೊಂದು, ಇಂಥ ಕ್ಲೀನಿಂಗ್ ಪ್ಯಾಚ್ ಕಳಿಸಿದರೆ ತಗೋತಾರಾ?

ಬೆಣ್ಣೆ ಬೈಟ್, ದಾವಣಗೆರೆ

ಗುರು, ಓಡುತ್ತಿದ್ದ ಡ್ರೈವರ್‌ಗೆ ಯಾಕೆ ಕೈ ಹಾಕಿದೆ? 250 ರೂಪಾಯಿ ಡಾಂಗಲ್‌ಗೆ ನಿದ್ದೆ ಕೆಡಿಸಿಕೊಳ್ಳುವ ಬದಲು ಬೇರೆ ಚಿಪ್‌ನದು ಕೊಟ್ಟು ಕೈ ತೊಳೆದುಕೊ. ಬರೀ ಕ್ಲೀನಿಂಗ್‌ಗೆ ಅಂತ ಕಳಿಸುವ ಪ್ಯಾಚ್‌ಗಳನ್ನು ನಾವು ಪ್ರೋತ್ಸಾಹಿಸುವುದಿಲ್ಲ ಅಂತ ನೆಟ್‌ಡೆವ್‌ನವರು (ಕರ್ನಲ್‌ನ ನೆಟ್‌ವರ್ಕ್ ಕೋಡ್ ನೋಡಿಕೊಳ್ಳುವವರು) ಕರ್ನಲ್ ಡಾಕ್ಯುಮೆಂಟೇಷನ್‌ನಲ್ಲೇ ಬರೆದಿಟ್ಟಿದ್ದಾರೆ. ಓದಿಕೊ.

ದುರ್ಗದ ದೀಪಾ, ಚಿತ್ರದುರ್ಗ

ಮಂಜ, ನಿಮ್ಮ ಕೊನೆಯ ಪ್ಯಾರಾದಲ್ಲೇ ಉತ್ತರ ಇದೆ, ನೀವು ಅದನ್ನು ಪ್ರಶ್ನೆ ಅಂದುಕೊಂಡಿದ್ದೀರಿ.

ಮೊದಲು ಒಂದು ತಿದ್ದುಪಡಿ. ಫೈ ಇಲ್ಲ ಅನ್ನಬೇಡಿ. ಫೈ ಇಲ್ಲದಿದ್ದರೆ ತಂತಿ ಮೇಲೆ ಸಿಗ್ನಲ್ ಹೋಗುವುದೇ ಇಲ್ಲ, ನಿಮ್ಮ ಪಿಂಗ್ ಹೋಗುತ್ತಿದೆ. ಅದು ಆ ಒಂದೇ ಚಿಪ್‌ನ ಹೊಟ್ಟೆಯಲ್ಲಿದೆ. ಡ್ರೈವರ್ ಅದರ ಜೊತೆ ಮಾತಾಡಲು ಎಂಐಐ ರಿಜಿಸ್ಟರ್‌ಗಳ ದಾರಿಯನ್ನು ಆ ಚಿಪ್ ಕೊಟ್ಟಿಲ್ಲದಿರಬಹುದು. "ಇರಬಹುದು" ಅಂತಲೇ ಹೇಳುತ್ತೇನೆ, ಯಾಕೆಂದರೆ ನೀವು ಬೋರ್ಡ್ ಮೇಲೆ ಚಿಪ್ ಎಣಿಸಿದ್ದೀರಿ, ರಿಜಿಸ್ಟರ್ ಓದಿಲ್ಲ.

ಓದಿ ನೋಡಿ. ಹಳೇ ಡ್ರೈವರ್ ವಾಪಸ್ ಹಾಕಿ. ಎತ್‌ಟೂಲ್‌ಗೆ ಐ ಆಪ್ಷನ್ ಕೊಟ್ಟಾಗ ಓಡುವ ಫಂಕ್ಷನ್‌ನಲ್ಲಿ ಒಂದು ಲೂಪ್ ಸೇರಿಸಿ. 0ರಿಂದ 31ರವರೆಗೆ ಎಂಡಿಐಒ ರೀಡ್ ಕರೆದು ಬಂದದ್ದನ್ನು ಪ್ರಿಂಟ್ ಮಾಡಲಿ. ಡಾಂಗಲ್ ಚುಚ್ಚಿದ ಕೂಡಲೇ ಓಡುವ ಬೈಂಡ್ ಫಂಕ್ಷನ್‌ನಲ್ಲಿ ಹಾಕಬೇಡಿ, ಚಿಪ್ ಆಗಷ್ಟೇ ಎದ್ದಿರುತ್ತದೆ, ಲಿಂಕ್ ಬರಲು ಒಂದೆರಡು ಸೆಕೆಂಡ್ ಬೇಕು, ಸುಮ್ನೆ ದಾರಿ ತಪ್ಪುತ್ತೀರಿ. 2 ಮತ್ತು 3ನೇ ರಿಜಿಸ್ಟರ್‌ನಲ್ಲಿ ಫೈ ಯಾರದು, ಯಾವ ಮಾಡೆಲ್ ಅನ್ನುವ ಗುರುತು ಇರಬೇಕು. ಅಲ್ಲಿ ಬರೀ ಸೊನ್ನೆಯೋ, ಬರೀ ಎಫ್‌ಎಫ್‌ಎಫ್‌ಎಫ್ಫೋ ಬಂದರೆ ಆ ಮನೆಯಲ್ಲಿ ಯಾರೂ ಇಲ್ಲ ಅಂತ ಅರ್ಥ.

ಈಗ ಎತ್‌ಟೂಲ್ ಯಾಕೆ ಕೆಟ್ಟಿತು ಅನ್ನುವುದು. ನಿಮ್ಮ ಡ್ರೈವರ್ ಯುಎಸ್‌ಬಿನೆಟ್ (ಇಂಥ ಡ್ರೈವರ್‌ಗಳು ಹಂಚಿಕೊಳ್ಳುವ ಕರ್ನಲ್ ಕೋಡ್) ಮೇಲೆ ಕೂತಿದೆ ಅಲ್ವಾ? ಯುಎಸ್‌ಬಿನೆಟ್ ಫೈಲ್ ತೆಗೆದು ಅದರಲ್ಲಿ ಯುಎಸ್‌ಬಿನೆಟ್ ಗೆಟ್ ಲಿಂಕ್ ಅನ್ನುವ ಫಂಕ್ಷನ್ ನೋಡಿ, ಹತ್ತು ಹನ್ನೆರಡು ಸಾಲಿನದು. ಡ್ರೈವರ್ ತನ್ನದೇ ಚೆಕ್ ಕನೆಕ್ಟ್ ಕೊಟ್ಟಿದ್ದರೆ ಅದನ್ನು ಕೇಳುತ್ತದೆ. ಅದಿಲ್ಲ, ಎಂಡಿಐಒ ರೀಡ್ ಇದೆ ಅಂದರೆ ಎಂಐಐ ಮೂಲಕ ಕೇಳುತ್ತದೆ. ಎರಡೂ ಇಲ್ಲದಿದ್ದರೆ ಮಾತ್ರ ಕ್ಯಾರಿಯರ್ (ಲಿಂಕ್ ಇದೆಯೋ ಇಲ್ಲವೋ ಅಂತ ಕರ್ನಲ್ ಇಟ್ಟುಕೊಳ್ಳುವ ಗುರುತು) ಏನು ಹೇಳುತ್ತದೋ ಅದನ್ನೇ ದಾಟಿಸುತ್ತದೆ. ನೀವು ಎರಡನೇ ಬಾಗಿಲು ಮುಚ್ಚಿದಿರಿ, ಪ್ರಶ್ನೆ ಮೂರನೆಯದಕ್ಕೆ ಹೋಯಿತು.

ಅಂದರೆ ನಿಮ್ಮ ಕ್ಯಾರಿಯರ್ ಮೊದಲಿನಿಂದಲೂ ಸುಳ್ಳು ಹೇಳುತ್ತಿತ್ತು. ಎಂಐಐ ಕೋಡ್ ಅದನ್ನು ಎತ್‌ಟೂಲ್‌ನಿಂದ ಮುಚ್ಚಿಟ್ಟಿತ್ತು, ಅಷ್ಟೇ. ಆ ಐಕಾನ್ ಹಿಂದಿರುವ ನೆಟ್‌ವರ್ಕ್ ಮ್ಯಾನೇಜರ್ ಎತ್‌ಟೂಲ್ ಕೇಳುವುದಿಲ್ಲ, ಕ್ಯಾರಿಯರ್ ನೋಡುತ್ತದೆ. ಕ್ಯಾರಿಯರ್ ಇದೆ ಅಂದರೆ ವೈರ್ ಕನೆಕ್ಷನ್ ಬಿಡುವುದಿಲ್ಲ, ಅದರ ಡೀಫಾಲ್ಟ್ ರೂಟ್‌ನ (ಹೊರಗಿನ ನೆಟ್‌ಗೆ ಹೋಗುವ ದಾರಿಯ) ಮೆಟ್ರಿಕ್, ಅಂದರೆ ಆದ್ಯತೆಯ ಅಂಕಿ, 100, ವೈಫೈಯದು 600. ಕಡಿಮೆ ಇರುವುದೇ ಗೆಲ್ಲುತ್ತದೆ. ನಿಮ್ಮ ಲೆಕ್ಕದವರ ದೆವ್ವ ಇದೇ.

ಕ್ಯಾರಿಯರ್ ಹಾಕುವುದು, ತೆಗೆಯುವುದು ಇಂಥ ಡ್ರೈವರ್‌ಗಳಲ್ಲಿ ಸ್ಟೇಟಸ್ ಕಾಲ್‌ಬ್ಯಾಕ್ ಕೆಲಸ. ಇಂಟರಪ್ಟ್ ಎಂಡ್‌ಪಾಯಿಂಟ್‌ನಲ್ಲಿ ಚಿಪ್ ಆಗಾಗ ಕೆಲವು ಬೈಟ್ ಕಳಿಸುತ್ತದೆ, ಅದರಲ್ಲೊಂದು ಬಿಟ್ ಲಿಂಕ್. ಆ ಕಾಲ್‌ಬ್ಯಾಕ್ ಏನು ಮಾಡುತ್ತಿದೆ ನೋಡಿ. ಯುಎಸ್‌ಬಿ ಮೇಲೆ ಏನು ಹರಿಯುತ್ತದೆ ಅಂತ ತೋರಿಸುವ ಯುಎಸ್‌ಬಿಮಾನ್ ಮಾಡ್ಯೂಲ್ ಹಾಕಿಕೊಂಡು, ಕೇಬಲ್ ಹಾಕಿ ತೆಗೆದು, ಎಷ್ಟು ಬೈಟ್ ಬರುತ್ತಿದೆ ಅಂತಲೂ ನೋಡಿ. ಇನ್ನೊಂದು, ಡ್ರೈವರ್ ಇನ್ಫೋದಲ್ಲಿ ಲಿಂಕ್ ಇಂಟರ್ ಫ್ಲ್ಯಾಗ್ ಇದೆಯಾ ಹೇಳಿ.

ಮಂಡಕ್ಕಿ ಮಂಜ

ಮೇಡಂ, ಎರಡು ರಾತ್ರಿ ಹಿಡಿಯಿತು. ಒಂದು ರಾತ್ರಿ ಡಾಂಗಲ್‌ಗೆ, ಇನ್ನೊಂದು ಯಾರದೋ ಲ್ಯಾಪ್‌ಟಾಪ್ ಅರ್ಜೆಂಟ್ ಅಂತ ಬಂದಿತ್ತು. ನೋಡಿದ್ದನ್ನು ಹಾಗೇ ಹಾಕುತ್ತೇನೆ.

ಲೂಪ್: 32 ರಿಜಿಸ್ಟರೂ ಎಫ್‌ಎಫ್‌ಎಫ್‌ಎಫ್. 2, 3 ಸೇರಿ ಎಲ್ಲ. ಕೇಬಲ್ ಕಿತ್ತು ಮತ್ತೆ ಓಡಿಸಿದೆ. ಈ ಸಲ 31 ರಿಜಿಸ್ಟರ್ ಎಫ್‌ಎಫ್‌ಎಫ್‌ಎಫ್, 1ನೆಯದು ಮಾತ್ರ ಎಫ್‌ಎಫ್‌ಎಫ್‌ಬಿ. ಒಂದು ಕ್ಷಣ ಎದೆ ಧಸಕ್ಕೆಂದಿತು, ಅಯ್ಯೋ ಇಲ್ಲಿ ಯಾರೋ ಇದ್ದಾರಲ್ಲ ಅಂತ. ಆಮೇಲೆ ಕೋಡ್ ನೋಡಿದರೆ, ಎಂಡಿಐಒ ರೀಡ್ ಒಳಗೆ 1ನೇ ರಿಜಿಸ್ಟರ್ ಕೇಳಿದಾಗ ಮಾತ್ರ ಚಿಪ್‌ನ ಬೇರೊಂದು ನೆಟ್‌ವರ್ಕ್ ಸ್ಟೇಟಸ್ ರಿಜಿಸ್ಟರ್ ಓದಿ, ಅಲ್ಲಿರುವ ಲಿಂಕ್ ಬಿಟ್ ತಂದು ಇಲ್ಲಿ ಬಿಟ್ 2ಕ್ಕೆ ಅಂಟಿಸುತ್ತಾರೆ. ಅಂದರೆ ಆ ಬದಲಾವಣೆ ಫೈಯದಲ್ಲ, ಡ್ರೈವರೇ ಕೈಯಾರೆ ಬರೆದದ್ದು. ಆ 150 ಸಾಲಲ್ಲಿ ನಿಜ ಹೇಳುತ್ತಿದ್ದದ್ದು ಇದೊಂದೇ ಜಾಗ, ನಾನು ಅದನ್ನೂ ಸೇರಿಸಿ ಕಿತ್ತಿದ್ದೆ.

ಎತ್‌ಟೂಲ್ ಯಾವಾಗಲೂ 100 ಎಂಬಿ, ಫುಲ್ ಡ್ಯೂಪ್ಲೆಕ್ಸ್ ಅನ್ನುತ್ತಿದ್ದದ್ದೂ ಈಗ ಅರ್ಥವಾಯಿತು. ಎಲ್ಲ ಬಿಟ್ಟೂ ಒಂದಾದರೆ ನಾವೂ 100 ಮಾಡುತ್ತೇವೆ, ಆ ಕಡೆಯವರೂ ಮಾಡುತ್ತಾರೆ ಅಂತ ಲೆಕ್ಕ ಆಗುತ್ತದೆ. ಕೇಬಲ್ ಇಲ್ಲದಾಗಲೂ 100. ಡಾಂಗಲ್ ಒಳಗಿರುವುದು ಯುಎಸ್‌ಬಿ 1.1, ಅದರ ದಾರಿಯೇ ಸೆಕೆಂಡಿಗೆ 12 ಮೆಗಾಬಿಟ್.

ಸ್ಟೇಟಸ್ ಕಾಲ್‌ಬ್ಯಾಕ್: ಮೊದಲ ಸಾಲಲ್ಲೇ ಸಿಕ್ಕಿತು. ಬಂದ ಬೈಟ್ 8ಕ್ಕಿಂತ ಕಡಿಮೆ ಇದ್ದರೆ ವಾಪಸ್ ಹೋಗು ಅಂತಿದೆ. ಯುಎಸ್‌ಬಿಮಾನ್‌ನಲ್ಲಿ ನೋಡಿದರೆ ನನ್ನ ಡಾಂಗಲ್ ಕಳಿಸುವುದೇ 4 ಬೈಟ್. ಕೇಬಲ್ ಇದ್ದಾಗ 40 00 00 00, ಕಿತ್ತಾಗ 00 00 00 00. ಚಿಪ್ ಪಾಪ ಪ್ರತಿ ಸಲ ಸರಿಯಾಗಿಯೇ ಹೇಳುತ್ತಿದೆ. ಡ್ರೈವರ್ "ಇಷ್ಟೇನಾ?" ಅಂತ ಮುಖ ತಿರುಗಿಸಿ ಹೋಗುತ್ತಿದೆ.

ಲಿಂಕ್ ಇಂಟರ್ ಫ್ಲ್ಯಾಗ್ ಇಲ್ಲ. ಕಾಪಿ ಹೊಡೆದ ಮೂಲ ಡ್ರೈವರ್‌ನಲ್ಲಿ ಇದೆ, ಇದರಲ್ಲಿ ಇಲ್ಲ. ಆ ಫ್ಲ್ಯಾಗ್ ಇದ್ದರೆ ಯುಎಸ್‌ಬಿನೆಟ್ ಶುರುವಿನಲ್ಲೇ ಲಿಂಕ್ ಡೌನ್ ಅಂತ ಇಟ್ಟು ಇಂಟರಪ್ಟ್ ಬರಲಿ ಅಂತ ಕಾಯುತ್ತದೆ. ನಮ್ಮ ಕಾಲ್‌ಬ್ಯಾಕ್ ಎಂದೂ ಬಾಯಿ ಬಿಡದ ಕಾರಣ ಡಾಂಗಲ್ ಯಾವತ್ತೂ ಎದ್ದೇ ಇರುತ್ತಿರಲಿಲ್ಲ. ಹಾಗಾಗಿ ಯಾರೋ ಫ್ಲ್ಯಾಗ್ ತೆಗೆದು ನೋಡಿ, ಕೆಲಸ ಮಾಡಿತು ಅಂತ ಮುಂದೆ ಹೋಗಿರಬೇಕು. ಇದು ನನ್ನ ಊಹೆ.

8 ಇದ್ದ ಕಡೆ 4 ಮಾಡಿದೆ. ಕೇಬಲ್ ಕಿತ್ತ ಕೂಡಲೇ ಐಕಾನ್ ಹೋಯಿತು, ವೈಫೈಗೆ ಹಾರಿತು!

ದುರ್ಗದ ದೀಪಾ

ಭೇಷ್. ಆದರೆ 4 ಬೇಡ.

ನೀವು ನನಗೆ ಬೇರೆಯಾಗಿ ಕಳಿಸಿದ ಪ್ರಿಂಟ್‌ನಲ್ಲಿದ್ದ ಐಡಿ ನೋಡಿ ನನ್ನ ಡಬ್ಬಿ ಕೆದಕಿದೆ, ಅದೇ ವೆಂಡರ್ ಐಡಿ, ಅದೇ ಪ್ರಾಡಕ್ಟ್ ಐಡಿಯ ಒಂದು ನೀಲಿ ಡಾಂಗಲ್ ಸಿಕ್ಕಿತು. ಯಾವುದೋ ಪ್ರಾಜೆಕ್ಟ್‌ಗೆ ತಂದು ಮರೆತದ್ದು. ಅದು 8 ಬೈಟ್ ಕಳಿಸುತ್ತದೆ. ಮೊದಲ ಬೈಟ್‌ನ ಅದೇ ಬಿಟ್ ಲಿಂಕ್, ಉಳಿದ 7 ಏನೇನೋ ಎಣಿಕೆ. ರಿಜಿಸ್ಟರ್ ಲೂಪ್ ಇದರಲ್ಲೂ ಓಡಿಸಿದೆ, 2 ಮತ್ತು 3 ಎರಡೂ ಎಫ್‌ಎಫ್‌ಎಫ್‌ಎಫ್, ಇಲ್ಲೂ ಎಂಐಐ ದಾರಿ ಇಲ್ಲ. ಅಂದರೆ ಡ್ರೈವರ್ ಬರೆದವರ ಕೈಯಲ್ಲಿ ನನ್ನಂಥದ್ದು ಇದ್ದಿರಬಹುದು, 8 ಅನ್ನುವುದು ಅವರಿಗೆ ಸರಿಯಾಗಿಯೇ ಕಂಡಿರಬಹುದು. ಹಾಗಾದರೆ ಫ್ಲ್ಯಾಗ್ ಯಾಕೆ ಹೋಯಿತು? ಅದು ಗಿಟ್‌ನಲ್ಲಿ (ಕೋಡ್ ಬದಲಾವಣೆಗಳ ಇತಿಹಾಸದಲ್ಲಿ) ಹುಡುಕಬೇಕಾದ ಮಾತು.

ಕಾಲ್‌ಬ್ಯಾಕ್ ಬಳಸುವುದು ಮೊದಲ ಬೈಟ್ ಒಂದನ್ನೇ. ಹಾಗಿದ್ದ ಮೇಲೆ ಕೇಳಬೇಕಾದದ್ದು ಒಂದು ಬೈಟ್ ಆದರೂ ಬಂದಿದೆಯಾ ಅಂತ, ಅಷ್ಟೇ. ನಾಳೆ ಇನ್ಯಾವನೋ 2 ಬೈಟ್ ಕಳಿಸುವ ಚಿಪ್ ಅದೇ ಐಡಿಯಲ್ಲಿ ಮಾರುತ್ತಾನೆ.

ಬೇಕಿದ್ದರೆ ನನ್ನ ಡಾಂಗಲ್ ಬಸ್ಸಿಗೆ ಹಾಕಿ ಕಳಿಸುತ್ತೇನೆ. ದುರ್ಗದಿಂದ ನಿಮ್ಮೂರಿಗೆ 60 ಕಿಲೋಮೀಟರ್ ತಾನೇ. ಎರಡೂ ಕೈಯಲ್ಲಿಟ್ಟುಕೊಂಡು ಟೆಸ್ಟ್ ಮಾಡಿದರೆ ಪ್ಯಾಚ್‌ಗೆ ತೂಕ ಬರುತ್ತದೆ.

ಹಳೇ ಮೇಷ್ಟ್ರು

ತಮ್ಮಾ ಮಂಜ, ಬೆಣ್ಣೆ ಬೈಟ್ ಹೇಳಿದ್ದು ಅರ್ಧ ಸರಿ. ಆ ಡಾಕ್ಯುಮೆಂಟ್‌ನಲ್ಲಿ ಇರುವುದು, ಬೇರೆ ಕೆಲಸದ ಸಂದರ್ಭ ಇಲ್ಲದೆ ಸುಮ್ಮನೆ ಮಾಡುವ ಕ್ಲೀನಿಂಗ್ ಬೇಡ ಅಂತ. ನಿನಗೆ ಈಗ ಸಂದರ್ಭ ಇದೆ. ನಿಜವಾದ ಬಗ್ ಇದೆ, ಅದರಿಂದ ತೊಂದರೆಪಟ್ಟ ಗಿರಾಕಿ ಇದ್ದಾರೆ, ಬಗ್ ಮುಚ್ಚಿಟ್ಟಿದ್ದ ಹಳೇ ಕೋಡ್ ಇದೆ. ಆದರೆ ಬಗ್ ಫಿಕ್ಸನ್ನೂ ಕ್ಲೀನಿಂಗನ್ನೂ ಒಂದೇ ಚೀಲಕ್ಕೆ ತುಂಬಬೇಡ.

ಮೊದಲು ಬಗ್. ಬೈಟ್ ಲೆಕ್ಕ ಮತ್ತು ಫ್ಲ್ಯಾಗ್, ಎರಡೂ ಸೇರಿ ಒಂದೇ ಪ್ಯಾಚ್. ಹೆಚ್ಚೆಂದರೆ ಮೂರು ಸಾಲು ಬದಲಾಗುತ್ತದೆ. ಇದು ನೆಟ್ ಮರಕ್ಕೆ (ಫಿಕ್ಸ್‌ಗಳು ಸೇರುವ ಕೋಡ್ ಸಂಗ್ರಹ), ಯಾವುದರ ಬಗ್ ತಿದ್ದಿದೆ ಅಂತ ಹೇಳುವ ಫಿಕ್ಸಸ್ ಟ್ಯಾಗ್ ಜೊತೆ. ಟ್ಯಾಗ್‌ಗೆ ಬಗ್ ತಂದ ಕಮಿಟ್‌ನ (ಗಿಟ್‌ನಲ್ಲಿ ದಾಖಲಾದ ಬದಲಾವಣೆಯ) ಐಡಿ ಬೇಕು, ಮೊದಲ 12 ಅಕ್ಷರ. ಅದಕ್ಕೆ ಗಿಟ್ ಬ್ಲೇಮ್‌ಗಿಂತ ಗಿಟ್ ಲಾಗ್‌ಗೆ ದೊಡ್ಡ ಎಸ್ ಆಪ್ಷನ್ ಕೊಟ್ಟು ಆ ಫ್ಲ್ಯಾಗ್‌ನ ಹೆಸರು ಹುಡುಕು. ಬ್ಲೇಮ್ ಈಗ ಇರುವ ಸಾಲನ್ನು ಮಾತ್ರ ತೋರಿಸುತ್ತದೆ, ತೆಗೆದು ಹಾಕಿದ್ದನ್ನು ತೋರಿಸುವುದಿಲ್ಲ. ದೀಪಾ ಕೇಳಿದ ಪ್ರಶ್ನೆಗೂ ಅಲ್ಲೇ ಉತ್ತರ ಸಿಗುತ್ತದೆ.

ಕ್ಲೀನಿಂಗ್ ಆಮೇಲೆ, ಮುಂದಿನ ಕರ್ನಲ್‌ನ ಮರವಾದ ನೆಟ್-ನೆಕ್ಸ್ಟ್‌ಗೆ. ಯಾಕೆ ಈ ಕ್ರಮ ಅಂದರೆ, ಹಳೇ ಸ್ಟೇಬಲ್ ಕರ್ನಲ್‌ಗಳಿಗೆ ಫಿಕ್ಸ್ ಹೋಗಬೇಕು, 150 ಸಾಲಿನ ಸಫಾಯಿ ಹೋಗಬೇಕಾಗಿಲ್ಲ. ನೀನು ಮೊದಲು ಸಫಾಯಿ ಮಾಡಿ ಅದರ ಮೇಲೆ ಫಿಕ್ಸ್ ಕೂರಿಸಿದರೆ ಆ ಮೂರು ಸಾಲು ಹಳೇ ಮರಗಳಿಗೆ ಅಂಟುವುದಿಲ್ಲ. ಇನ್ನೂ ಕೆಟ್ಟದ್ದು, ಸಫಾಯಿ ಒಂದೇ ಹೋಗಿ ಫಿಕ್ಸ್ ಹೋಗದಿದ್ದರೆ ನಿನ್ನ ಅಂಗಡಿಯಲ್ಲಿ ಆದದ್ದೇ ಎಲ್ಲರ ಮನೆಯಲ್ಲೂ ಆಗುತ್ತದೆ. ಎತ್‌ಟೂಲೂ ಸುಳ್ಳು ಹೇಳಲು ಶುರು ಮಾಡುತ್ತದೆ.

ಈಗ ಕತ್ತರಿ ಎಲ್ಲಿ ನಿಲ್ಲಬೇಕು ಅನ್ನುವುದು. ನಿನ್ನ ಡ್ರೈವರ್‌ನಲ್ಲಿ ಎಂಡಿಐಒ ರೀಡ್ ಕೊನೆಗೆ ಒಂದು ಹಂಚಿಕೆಯ ಫಂಕ್ಷನ್ ಕರೆಯುತ್ತಿರಬೇಕು, ಫೈ ಬೇಕಾ ಇಈಪ್ರಾಮ್ (ಡಾಂಗಲ್‌ನ ಪುಟ್ಟ ಶಾಶ್ವತ ಮೆಮೊರಿ) ಬೇಕಾ ಅಂತ ಮೊದಲ ಆರ್ಗ್ಯುಮೆಂಟ್ ತಗೊಂಡು ವಿಳಾಸ ಬರೆದು, ಕಂಟ್ರೋಲ್ ರಿಜಿಸ್ಟರ್‌ಗೆ ಆಜ್ಞೆ ಕೊಟ್ಟು, ಮುಗಿಯುವವರೆಗೆ ಕಾದು, ಎರಡು ಬೈಟ್ ಓದುವಂಥದ್ದು. ಡಿಎಂ9601 ಡ್ರೈವರ್‌ನಲ್ಲಿ ಹಾಗೇ ಇದೆ, ಅದರಿಂದ ಹುಟ್ಟಿದವುಗಳಲ್ಲೂ ಹಾಗೇ. ಎಸ್‌ಆರ್9700 ಡ್ರೈವರ್ ತಾನು ಡಿಎಂ9601ರಿಂದ ಬಂದೆ ಅಂತ ಫೈಲ್‌ನ ತಲೆಯಲ್ಲೇ ಬರೆದುಕೊಂಡಿದೆ, ಆ ಫೋಲ್ಡರ್‌ನಲ್ಲಿ ಇಂಥ ನೆಂಟಸ್ತಿಕೆ ಹೊಸದಲ್ಲ. ಆ ಫಂಕ್ಷನ್ ತೆಗೆದರೆ ಇಈಪ್ರಾಮ್ ಓದುವುದೂ ಹೋಗುತ್ತದೆ. ಅದು ಇರಲಿ, ಫೈ ಅನ್ನುವ ಆರ್ಗ್ಯುಮೆಂಟ್ ಮಾತ್ರ ಯಾವಾಗಲೂ 0 ಆಗಿ ಉಳಿಯುತ್ತದೆ, ಅದನ್ನು ಸಫಾಯಿಯ ಎರಡನೇ ಪ್ಯಾಚ್‌ನಲ್ಲಿ ತೆಗಿ. ಅಲ್ಲೇ ಒಂದು ಮ್ಯೂಟೆಕ್ಸ್ (ಒಂದು ಸಲಕ್ಕೆ ಒಬ್ಬರನ್ನೇ ಬಿಡುವ ಬೀಗ) ಇರುತ್ತದೆ, ಹೆಸರು ಫೈ ಮ್ಯೂಟೆಕ್ಸ್. ಹೆಸರು ನೋಡಿ ಮೋಸ ಹೋಗಬೇಡ! ಅದು ಯುಎಸ್‌ಬಿನೆಟ್ ಕೊಟ್ಟದ್ದು, ಇಈಪ್ರಾಮ್ ಓದುವಾಗಲೂ ಅದೇ ಕಾವಲು. ವಿಳಾಸ ಬರೆದು ಡೇಟಾ ಓದುವ ನಡುವೆ ಇನ್ನೊಬ್ಬ ಬಂದು ವಿಳಾಸ ಬದಲಿಸಿದರೆ ನಿನಗೆ ಯಾರದೋ ಬೈಟ್ ಸಿಗುತ್ತದೆ.

ಕೆಕಾನ್ಫಿಗ್‌ನಲ್ಲಿ (ಕರ್ನಲ್ ಕಟ್ಟುವಾಗಿನ ಆಯ್ಕೆಗಳ ಫೈಲ್) ಸಿಆರ್‌ಸಿ32 ಅನ್ನುವ ಲೆಕ್ಕದ ಕೋಡ್ ಸೆಲೆಕ್ಟ್ ಮಾಡಿದ್ದರೆ ಬಿಟ್ಟುಬಿಡು. ಅದು ಮಲ್ಟಿಕಾಸ್ಟ್ ಫಿಲ್ಟರ್‌ನ ಹ್ಯಾಶ್‌ಗೆ ಬೇಕು, ಎಂಐಐಗೆ ಸಂಬಂಧವಿಲ್ಲ. ಎಂಐಐ ಸೆಲೆಕ್ಟ್ ಯುಎಸ್‌ಬಿನೆಟ್ ಕಡೆಯೇ ಇದೆ, ಅದನ್ನೂ ಮುಟ್ಟಬೇಡ. ನಿನ್ನ ಫೈಲ್ ತಲೆಯಲ್ಲಿರುವ ಎಂಐಐ ಹೆಡರ್ ಸಾಲು ಮಾತ್ರ ಹೋಗಲಿ. ಕಾಮೆಂಟ್‌ನಲ್ಲಿ ಉಳಿದ ಹಳೇ ಚಿಪ್‌ನ ಹೆಸರೂ ಹೋಗಲಿ, ಆದರೆ ಯಾವುದರಿಂದ ಬಂತು ಅನ್ನುವ ಸಾಲು ಇದ್ದರೆ ಇರಲಿ. ಅದು ಋಣ.

ಕಮಿಟ್ ಮೆಸೇಜ್‌ನಲ್ಲಿ ಏನು ತೆಗೆದೆ ಅಂತ ಪುರಾಣ ಬರೆಯಬೇಡ, ಅದು ಡಿಫ್‌ನಲ್ಲೇ ಕಾಣುತ್ತದೆ. ಎರಡು ಡಾಂಗಲ್‌ನಲ್ಲಿ 32 ರಿಜಿಸ್ಟರ್ ಓದಿದಾಗ ಏನು ಬಂತು ಅಂತ ಬರಿ. ಲಿಂಕ್ ಬಿಟ್ ಎಲ್ಲಿಂದ ಬರುತ್ತಿತ್ತು, ಇನ್ನು ಮುಂದೆ ಎಲ್ಲಿಂದ ಬರುತ್ತದೆ ಬರಿ. ಹೊರಗೆ ಕಾಣುವ ಬದಲಾವಣೆಯನ್ನು ಮುಚ್ಚಿಡಬೇಡ: ಎತ್‌ಟೂಲ್ ಇನ್ನು ಸ್ಪೀಡ್ ತೋರಿಸುವುದಿಲ್ಲ, ಸಿಸ್‌ಎಫ್‌ಎಸ್‌ನ (ಕರ್ನಲ್ ತನ್ನ ಸ್ಥಿತಿ ತೋರಿಸುವ ಫೋಲ್ಡರ್) ಸ್ಪೀಡ್ ಫೈಲ್ ಓದಿದರೆ ಎರರ್ ಬರುತ್ತದೆ. ಸುಳ್ಳು 100 ಹೋಯಿತು ಅಂತ ನೇರ ಹೇಳು.

ಬೆಣ್ಣೆ ಬೈಟ್

ಮೇಷ್ಟ್ರೇ, ಒಪ್ಪಿದೆ. ಆದರೂ ಒಂದು ಮಾತು. ಸ್ಪೀಡ್ ಫೈಲ್ ಓದುವ ಯಾವುದಾದರೂ ಸ್ಕ್ರಿಪ್ಟ್ ಇದ್ದರೆ ಅದು ಒಡೆಯುತ್ತದಲ್ಲ? ಸುಳ್ಳೋ ನಿಜವೋ, 100 ಅಂತ ಏನೋ ಬರುತ್ತಿತ್ತು.

ಹಳೇ ಮೇಷ್ಟ್ರು

ಒಡೆಯಬಹುದು. ಅದಕ್ಕೇ ಮೆಸೇಜ್‌ನಲ್ಲಿ ಬರಿ ಅಂದದ್ದು, ಮೇಂಟೇನರ್ ನೋಡಿ ಬೇಡ ಅನ್ನುವ ಅವಕಾಶ ಇರಲಿ. ಎಂಐಐ ಇಲ್ಲದ ಯುಎಸ್‌ಬಿ ನೆಟ್‌ವರ್ಕ್ ಡಿವೈಸ್‌ಗಳು ಬೇಕಾದಷ್ಟಿವೆ. ಅಂಥ ಕಡೆ ಸ್ಪೀಡ್ ಫೈಲ್ ಎರರ್ ಕೊಡುವುದು ಮೊದಲಿನಿಂದಲೂ ಇದೆ. ಒಳ್ಳೆಯ ಸ್ಕ್ರಿಪ್ಟ್ ಅದನ್ನು ತಡೆದುಕೊಳ್ಳುತ್ತದೆ.

ಮಂಡಕ್ಕಿ ಮಂಜ

ದೀಪಾ ಮೇಡಂ, ಡಾಂಗಲ್ ಸಿಕ್ಕಿತು. ಕಂಡಕ್ಟರ್ ಕವರ್ ಕೊಟ್ಟು "ಒಳಗೇನೈತಿ, ಪೆನ್‌ಡ್ರೈವಾ?" ಅಂದರು. ಹೂಂ ಅಂದೆ.

ಮೇಷ್ಟ್ರು ಹೇಳಿದ ಹಾಗೆ ಗಿಟ್ ಲಾಗ್ ಹುಡುಕಿದೆ. ನನ್ನ ಊಹೆ ಅರ್ಧ ನಿಜ. ಫ್ಲ್ಯಾಗ್ ಮೊದಲ ಕಮಿಟ್‌ನಲ್ಲಿ ಇತ್ತು. ಆಮೇಲೆ ಒಬ್ಬರು, ಕೆಲವು ಡಾಂಗಲ್‌ಗಳಲ್ಲಿ ಲಿಂಕ್ ಬರುತ್ತಿಲ್ಲ ಅಂತ ಹೇಳಿ ಅದನ್ನು ತೆಗೆದಿದ್ದಾರೆ. ಅವರ ಕೈಯಲ್ಲಿದ್ದದ್ದು ನನ್ನಂಥ 4 ಬೈಟ್ ಚಿಪ್ ಇರಬೇಕು. ಫಿಕ್ಸಸ್ ಟ್ಯಾಗ್‌ಗೆ ಯಾವುದು ಹಾಕಬೇಕು, 8 ಬರೆದ ಕಮಿಟ್ಟೋ ಫ್ಲ್ಯಾಗ್ ತೆಗೆದದ್ದೋ ಅಂತ ಒಂದು ಗಂಟೆ ಕೂತು ಯೋಚಿಸಿದೆ. 8 ಬರೆದದ್ದನ್ನೇ ಹಾಕಿದೆ, ಬೇರು ಅಲ್ಲಿದೆ.

ಟೆಸ್ಟ್ ಮಾಡುವಾಗ ಒಂದು ತಮಾಷೆ ಆಯಿತು. ಎರಡು ಡಾಂಗಲ್ ಹಾಕಿಕೊಂಡು ಒಂದು ಕಿಟಕಿಯಲ್ಲಿ ಐಪಿ ಮಾನಿಟರ್ ಲಿಂಕ್ ಓಡಿಸಿದ್ದೆ, ಒಂದೊಂದಾಗಿ ಕೇಬಲ್ ಕೀಳಬೇಕು ಅಂತ. ಕೀಳುವ ಮೊದಲೇ ಕರೆಂಟ್ ಹೋಯಿತು. ಲ್ಯಾಪ್‌ಟಾಪ್ ಬ್ಯಾಟರಿ ಮೇಲಿತ್ತು, ಗೋಡೆ ಮೇಲಿನ ನೆಟ್‌ವರ್ಕ್ ಸ್ವಿಚ್ ಆರಿತು. ಕತ್ತಲಲ್ಲಿ ಸ್ಕ್ರೀನ್ ಮೇಲೆ ಎರಡು ಸಾಲು ಮೂಡಿದವು, ಎರಡೂ ನೋ-ಕ್ಯಾರಿಯರ್. ಕರೆಂಟ್ ಬಂದು ಸ್ವಿಚ್ ಎದ್ದ ಮೇಲೆ ಎರಡೂ ತಾವಾಗಿಯೇ ಮೇಲೆದ್ದವು. ಇದಕ್ಕಿಂತ ಒಳ್ಳೆ ಟೆಸ್ಟ್ ನಾನೇ ಯೋಚಿಸಿದ್ದರೂ ಹೊಳೆಯುತ್ತಿರಲಿಲ್ಲ. ಆಮೇಲೆ ಕೈಯಾರೆಯೂ ಮಾಡಿದೆ, ಸಸ್ಪೆಂಡ್ ಮಾಡಿ ಎಬ್ಬಿಸಿಯೂ ನೋಡಿದೆ.

ಲೆಕ್ಕದವರು ಶನಿವಾರ ಬಂದಿದ್ದರು. ಈಗ ಸರಿಯಿದೆ, ಡಾಂಗಲ್ ಬದಲಾಯಿಸಿದಿರಾ ಅಂದರು. ಇಲ್ಲ ಸರ್, ಒಂದು ಕಡೆ 8 ಇತ್ತು, 1 ಮಾಡಿದೆ ಅಂದೆ. "ನಮ್ ಕೀರ್ದಿ ಪುಸ್ತಕದಾಗೆ ಹಂಗ್ ಮಾಡಿದ್ರೆ ಮಾಲಕ್ರು ನನ್ನ ಒಳಗ ಬಿಟ್ಕೊಳ್ಳಲ್ಲ" ಅಂತ ನಕ್ಕು ಹೋದರು.

ಕಳಿಸುವ ಮೊದಲು ಕೊನೆಯ ಪ್ರಶ್ನೆ. ಬರೆಯುವ ಶೈಲಿಯ ತಪ್ಪು ಹಿಡಿಯುವ ಚೆಕ್‌ಪ್ಯಾಚ್ ಸುಮ್ಮನಾಗಿದೆ. ಪ್ಯಾಚ್ ಯಾರಿಗೆ ಕಳಿಸಬೇಕು ಅಂತ ಹೇಳುವ ಗೆಟ್ ಮೇಂಟೇನರ್ ಸ್ಕ್ರಿಪ್ಟ್ ಏಳೆಂಟು ವಿಳಾಸ ಕೊಟ್ಟಿದೆ, ಎಲ್ಲರಿಗೂ ಹಾಕಲಾ?

ದುರ್ಗದ ದೀಪಾ

ಎಲ್ಲರಿಗೂ ಹಾಕಿ, ಮೇಲಿಂಗ್ ಲಿಸ್ಟ್‌ಗಳನ್ನೂ ಬಿಡಬೇಡಿ. ಗಿಟ್ ಸೆಂಡ್-ಇಮೇಲ್‌ನಿಂದಲೇ ಕಳಿಸಿ, ಬ್ರೌಸರ್‌ನಲ್ಲಿ ಅಂಟಿಸಿದರೆ ಕೋಡ್ ಸಾಲುಗಳ ಮುಂದಿನ ಟ್ಯಾಬ್ ಜಾಗಗಳೆಲ್ಲ ಹಾಳಾಗುತ್ತವೆ. ಸಬ್ಜೆಕ್ಟ್‌ನ ಚೌಕ ಕಂಸದಲ್ಲಿ ಪ್ಯಾಚ್ ಪಕ್ಕ ನೆಟ್ ಅಂತ ಇರಲಿ, ಇಲ್ಲದಿದ್ದರೆ ಯಾವ ಮರಕ್ಕೆ ಅಂತ ಅವರು ಕೇಳುತ್ತಾರೆ. ಮೊದಲು ನಿಮಗೆ ನೀವೇ ಒಂದು ಕಳಿಸಿಕೊಂಡು, ಬಂದದ್ದನ್ನು ಗಿಟ್ ಎಎಂ ಮಾಡಿ ಅಂಟುತ್ತದಾ ನೋಡಿ. ಯಾರಾದರೂ ತಿದ್ದಲು ಹೇಳಿದರೆ ಅರ್ಧ ಗಂಟೆಯಲ್ಲಿ ವಿ2 (ತಿದ್ದಿದ ಎರಡನೇ ಆವೃತ್ತಿ) ಕಳಿಸಬೇಡಿ, 24 ಗಂಟೆಯಾದರೂ ಬಿಡಬೇಕು ಅನ್ನುವುದು ಅಲ್ಲಿಯ ನಿಯಮ. ಮೊದಲ ಪ್ಯಾಚ್ ಅಂದರೆ ಕೈ ತುರಿಸುತ್ತದೆ, ನನಗೂ ಗೊತ್ತು.

ನನ್ನ ಹೆಸರಲ್ಲಿ ಟೆಸ್ಟೆಡ್-ಬೈ (ಪ್ಯಾಚ್ ಪರೀಕ್ಷಿಸಿದವರ ಹೆಸರಿನ ಸಾಲು) ಹಾಕಬೇಡಿ, ಪ್ಯಾಚ್ ಹಾಕಿ ನೋಡಿದ್ದು ನೀವು. 8 ಬೈಟ್‌ನ ಡಾಂಗಲ್‌ನಲ್ಲೂ ನೋಡಿದೆ ಅಂತ ಮೆಸೇಜ್‌ನಲ್ಲಿ ಬರೆಯಿರಿ.

ಮಂಡಕ್ಕಿ ಮಂಜ

ಕಳಿಸಿದೆ, ರಾತ್ರಿ ಹನ್ನೊಂದೂವರೆಗೆ. ಮೂರು ಸಾಲಿನ ಪ್ಯಾಚ್‌ಗೆ 24 ಸಾಲಿನ ಮೆಸೇಜ್ ಆಗಿದೆ, ಮೇಷ್ಟ್ರು ಬೈಯ್ಯಬಾರದು. ಸಫಾಯಿಯ ಎರಡು ಪ್ಯಾಚ್ ನನ್ನ ಮಷೀನ್‌ನಲ್ಲೇ ಇವೆ. ನೆಟ್‌ನಲ್ಲಿ ಫಿಕ್ಸ್ ಸೇರಿ, ಅದು ನೆಟ್-ನೆಕ್ಸ್ಟ್‌ಗೆ ಹರಿದು ಬಂದ ಮೇಲೆ ರೀಬೇಸ್ ಮಾಡಿ ಕಳಿಸುತ್ತೇನೆ. ನೀಲಿ ಡಾಂಗಲ್ ಅಲ್ಲಿಯವರೆಗೆ ನನ್ನ ಹತ್ತಿರ ಇರಲಾ ಮೇಡಂ?